ಶಾಲಾ ಗಣಕಯಂತ್ರದ ಚಿತ್ತಚಾಂಚಲ್ಯ: ಕಾರಣ, ನಿದಾನ, ಉಪಚಾರ

ಶಾಲೆಯ ಕಂಪ್ಯೂಟರ್ ಲ್ಯಾಬಿನ ಯಂತ್ರಗಳಲ್ಲಿ ಪೂರ್ತಿ ಕೆಟ್ಟದ್ದು ನಿರುಪದ್ರವಿ. ಪ್ಲಾಸ್ಟಿಕ್ ಹೊದಿಕೆಯಡಿ ಮೂಲೆ ಹಿಡಿದು, ದಾಸ್ತಾನು ಪುಸ್ತಕದಲ್ಲಷ್ಟೇ ಬದುಕಿರುತ್ತದೆ. ಶಾಸ್ತ್ರಕ್ಕೆ ವಸ್ತುವಾಗುವುದು ಆಗಾಗ ಕೆಡುವ ಯಂತ್ರ. ಎಂಟನೇ ತರಗತಿಗೆ ನೀಲಿ ಪರದೆ ತೋರಿಸಿ ಒಂಬತ್ತನೆಯವರ ಮುಂದೆ ಸಾಧುವಾಗಿರುವ ಇದರ ಮುಖ್ಯ ಲಕ್ಷಣ ಒಂದೇ: ರಿಪೇರಿಯವನು ಹೊಸಿಲು ದಾಟಿದೊಡನೆ ಗುಣವಾಗುವುದು.

ಕಾರಣದ ವಿಷಯದಲ್ಲಿ ಪೂರ್ವಪಕ್ಷಗಳು ಹಲವು. ವೈರಸ್‌ವಾದಿಗಳ ಪ್ರಕಾರ ಸಕಲ ದೋಷಕ್ಕೂ ವೈರಸ್ಸೇ ಮೂಲ, ಸಕಲ ವೈರಸ್ಸಿಗೂ ಕೊನೆಯ ಬೆಂಚಿನವನ ಪೆನ್‌ಡ್ರೈವೇ ಮೂಲ. ಪಾದರಕ್ಷಾವಾದಿಗಳು ಚಪ್ಪಲಿ ಹೊರಗೆ ಬಿಡದವರನ್ನು ದೂರುತ್ತಾರೆ; ಧೂಳಿನ ಮಟ್ಟಿಗೆ ಇದನ್ನು ತಳ್ಳಿಹಾಕುವಂತಿಲ್ಲ. ಆಯುಧಪೂಜೆ ಸರಿಯಾಗಿ ಆಗಲಿಲ್ಲವೆನ್ನುವವರೂ ಉಂಟು. ಫ್ಯಾನಿನ ರೆಕ್ಕೆಗೆ ಮೆತ್ತಿದ ಕುಂಕುಮ ನೋಡಿದರೆ ಪೂಜೆ ತುಸು ಹೆಚ್ಚೇ ಆದಂತಿರುತ್ತದೆ. ಉಳಿದದ್ದು ವಿಶ್ವಕಿರಣವಾದ. ಇದಕ್ಕೆ ಆಧಾರವಿದೆ: 2003ರಲ್ಲಿ ಬೆಲ್ಜಿಯಂನ ಸ್ಕಾರ್ಬೇಕಿನಲ್ಲಿ ಮತಯಂತ್ರ ಅಭ್ಯರ್ಥಿಯೊಬ್ಬರಿಗೆ 4096 ಮತ ಹೆಚ್ಚಾಗಿ ಕೊಟ್ಟಿತು. ಅದು 2ರ 12ನೇ ಘಾತವಾದ್ದರಿಂದ, ಮೆಮೊರಿಯ ಒಂದೇ ಒಂದು ಬಿಟ್ ವಿಶ್ವಕಿರಣ ತಾಗಿ ಮಗುಚಿರಬಹುದೆಂದು ಶಂಕಿಸಲಾಯಿತು. ಆದರೆ ನಕ್ಷತ್ರಲೋಕದ ಕಣವೊಂದು ವಾರವಿಡೀ ಮಧ್ಯಾಹ್ನ ಮೂರಕ್ಕೇ ಬಂದು, ಕಿಟಕಿ ಪಕ್ಕದ ನಾಲ್ಕನೇ ಕಂಪ್ಯೂಟರನ್ನೇ ಹುಡುಕಿ ಬಡಿಯುತ್ತದೆಂದು ಒಪ್ಪುವುದು ಕಷ್ಟ.

ಸಿದ್ಧಾಂತಕ್ಕೆ ನೈಯಾಯಿಕರ ಅನ್ವಯ-ವ್ಯತಿರೇಕವೇ ದಾರಿ: ಇದಿದ್ದರೆ ಅದಿದೆಯೇ, ಇದಿಲ್ಲದಿದ್ದರೆ ಅದೂ ಇಲ್ಲವೇ? ಅಂದರೆ ಪಕ್ಕದ ಆರೋಗ್ಯವಂತ ಯಂತ್ರದಿಂದ ಒಂದು ಸಲಕ್ಕೆ ಒಂದೇ ಭಾಗ ತಂದು ಬದಲಿಸಿ ನೋಡುವುದು. ರ‍್ಯಾಮ್, ಕೇಬಲ್, ವಿದ್ಯುತ್ ಪೂರೈಸುವ ಎಸ್‌ಎಂಪಿಎಸ್ ಮೂರನ್ನೂ ಒಟ್ಟಿಗೆ ಬದಲಿಸಿದವನಿಗೆ ಯಂತ್ರ ಸರಿಹೋದೀತು, ಜ್ಞಾನ ಹುಟ್ಟದು. ಮೊದಲು ರ‍್ಯಾಮ್ ಕಳಚಿ ಅದರ ಹೊಂಬಣ್ಣದ ಹಲ್ಲುಗಳನ್ನು ಪೆನ್ಸಿಲ್ ರಬ್ಬರಿನಿಂದ ಉಜ್ಜಬೇಕು. ರಬ್ಬರು ವಿದ್ಯಾರ್ಥಿಯದು, ಹಿಂದಿರುಗಿಸುವ ಸಂಪ್ರದಾಯವಿಲ್ಲ. ರಾತ್ರಿಯಿಡೀ ಮೆಮೊರಿ ಪರೀಕ್ಷೆ ನಡೆಸುವುದು ಉತ್ತಮ ಪಕ್ಷವಾದರೂ, ಸಂಜೆ ಜವಾನ ಮೇನ್ ಸ್ವಿಚ್ ಆರಿಸುವುದರಿಂದ ಅದು ಗ್ರಂಥಸ್ಥವಾಗಿಯೇ ಉಳಿದಿದೆ. ತಾರೀಖು ಬೆಳಗಾದರೆ ಹಿಂದಕ್ಕೋಡುತ್ತಿದ್ದರೆ ಮದರ್‌ಬೋರ್ಡಿನ 3 ವೋಲ್ಟಿನ ಬಿಲ್ಲೆಸೆಲ್ಲು ಸತ್ತಿದೆ. ಕೆಪಾಸಿಟರಿನ ತಲೆ ಉಬ್ಬಿದ್ದರೆ ಹೆಚ್ಚಿನ ತರ್ಕ ಬೇಡ.

ಇಷ್ಟರಲ್ಲೂ ಸಿಗದ ದೋಷಕ್ಕೆ ವಹಿಯೇ ಔಷಧ: ಕೆಟ್ಟ ಹೊತ್ತು, ಕೂತಿದ್ದವರು, ಆಗ ಲ್ಯಾಬಿನ ಹೊರಗೆ ನಡೆಯುತ್ತಿದ್ದದ್ದು. ಬಯಲುಸೀಮೆಯ ಶಾಲೆಯಲ್ಲಿ ಈ ಮೂರನೇ ಕಾಲಮ್ಮೇ ಗುಟ್ಟು ಬಿಡುತ್ತದೆ. ತ್ರೀ ಫೇಸ್ ಕರೆಂಟು ಬಂದ ಕ್ಷಣ, ಅದೇ ಟ್ರಾನ್ಸ್‌ಫಾರ್ಮರಿನ ಬೋರ್‌ವೆಲ್ ಮೋಟಾರುಗಳೆಲ್ಲ ಆಟೊ ಸ್ಟಾರ್ಟರಿನ ದೆಸೆಯಿಂದ ಒಟ್ಟಿಗೆ ಎದ್ದು, ಓಡುವಾಗಿನ ಹಲವು ಪಟ್ಟು ಕರೆಂಟು ಎಳೆಯುತ್ತವೆ. ವೋಲ್ಟೇಜು ಕುಸಿಯುತ್ತದೆ. ಅಂಥ ಏಟನ್ನು ಹೊಸ ಎಸ್‌ಎಂಪಿಎಸ್ಸೂ ಸೆಕೆಂಡಿನ ಐವತ್ತನೇ ಒಂದು ಭಾಗದಷ್ಟು ಹೊತ್ತು ತಾಳಿದರೆ ಹೆಚ್ಚು. ನಾಲ್ಕನೇ ಕಂಪ್ಯೂಟರಿನದು ಮುದಿಯಾದ್ದರಿಂದ ಮೊದಲು ಬೀಳುತ್ತದೆ. ಯುಪಿಎಸ್ ಇರುತ್ತದೆ, ಅದರ ಬ್ಯಾಟರಿ ಸತ್ತಿರುತ್ತದೆ. ಸತ್ತೆನೆಂದು ಅದು ಕೀಚಲಿಟ್ಟಾಗ ಪಾಠಕ್ಕೆ ಅಡ್ಡಿಯೆಂದು ಬಝರಿನ ತಂತಿ ಕೀಳಲಾಗಿರುತ್ತದೆ.

ಉಪಚಾರ ಸರಳ: 12 ವೋಲ್ಟಿನ ಹೊಸ ಬ್ಯಾಟರಿ. ಅನುಪಾನವಾಗಿ ಮೂರು ಕೊಟೇಶನ್ ಮತ್ತು ಎಸ್‌ಡಿಎಂಸಿ ಠರಾವು ಬೇಕು. ಬ್ಯಾಟರಿ ಬರುವ ತನಕ ಮೂರು ಗಂಟೆಯ ಕಂಪ್ಯೂಟರ್ ಪೀರಿಯಡ್ಡನ್ನು ಪಿ.ಟಿ. ಮೇಷ್ಟ್ರಿಗೆ ಬಿಟ್ಟುಕೊಡುವುದು ಶಾಸ್ತ್ರಸಮ್ಮತ.