ಉಸಿರಣ್ಣ

ಪ್ರತಿ ಸೆಕ್ಟರಿಗೂ ಒಬ್ಬ ಉಸಿರಣ್ಣ ಇದ್ದೇ ಇರುತ್ತಾರೆ. ನವಿ ಮುಂಬಯಿಯ ಕೋಪರಖೈರಣೆಯಲ್ಲಿ ನಮ್ಮ ಪಾಲಿಗೆ ಬಂದವರು ಬ್ಯಾಂಕಿನಿಂದ ನಿವೃತ್ತರು, ದಕ್ಷಿಣ ಕನ್ನಡದವರು. ಗೇರ್ ಸೈಕಲ್ಲು ಮಗ ಕೊಡಿಸಿದ್ದು, ಹೆಲ್ಮೆಟ್ಟು ಸೊಸೆ ಕೊಡಿಸಿದ್ದು, ಉಸಿರು ಮಾತ್ರ ಸ್ವಂತದ್ದು. ಮೊದಲೂ ಉಸಿರಾಡುತ್ತಿದ್ದರಂತೆ, ಗಮನವಿಲ್ಲದೆ. ‘ಅದೆಲ್ಲ ವೇಸ್ಟು ಮಾರಾಯ್ರೇ.’ ಈಗ ನಾಲ್ಕು ತುಳಿತಕ್ಕೆ ಒಳಗೆ, ಆರು ತುಳಿತಕ್ಕೆ ಹೊರಗೆ.

ವಿದ್ಯೆ ಒಳ್ಳೆಯದೇ. ಬುದ್ಧ ಹೇಳಿದ ಆನಾಪಾನಸತಿಯಲ್ಲಿ ಬಂದುಹೋಗುವ ಉಸಿರನ್ನು ಇದ್ದ ಹಾಗೆ ಗಮನಿಸಬೇಕು. ಆದರೆ ಜೀವಮಾನವಿಡೀ ಲೆಡ್ಜರ್ ತಾಳೆ ಹಾಕಿದವರಿಗೆ ಬರೀ ನೋಡಿ ಸುಮ್ಮನಿರಲು ಆದೀತೇ? ತೀನ್ ಟಾಕಿ ಸಿಗ್ನಲ್ಲಿನಲ್ಲಿ ತುಳಿತ ನಿಂತರೆ ಲೆಕ್ಕವೂ ನಿಲ್ಲುತ್ತದೆ. ಎಳೆದ ಉಸಿರನ್ನು ಕೆನ್ನೆಯಲ್ಲಿಟ್ಟುಕೊಂಡು ಕಾಯುತ್ತಾರೆ. ಮುಖ ದೀಪಕ್ಕಿಂತ ಕೆಂಪು. ಹಿಂದಿನಿಂದ ರಿಕ್ಷಾದವನು ‘ಕಾಕಾ, ಸಿಗ್ನಲ್ ಸುಟಲಾ!’ ಎಂದ ಮೇಲೆಯೇ ಬಿಡುಗಡೆ.

ಸುಮ್ಮನೆ ಕೂತ ಮನುಷ್ಯ ನಿಮಿಷಕ್ಕೆ 12ರಿಂದ 20 ಸಲ ಉಸಿರಾಡುತ್ತಾನೆ. ಸೈಕಲ್ ತುಳಿಯುವವನ ಎದೆಗೆ ಇಳಿಯುವ ಗಾಳಿ ಅದರ ಹಲವು ಪಟ್ಟು, ಜೊತೆಗೆ ಹೊಗೆಯೂ. ಹಾಗಾಗಿ ಉಸಿರಣ್ಣನ ದಾರಿಯನ್ನು ಮೂಗು ನಿರ್ಧರಿಸುತ್ತದೆ. ನಿಸರ್ಗ ಉದ್ಯಾನದ ಬಳಿ ಗಾಳಿ ಅಮೃತ. ಅದು ಹಿಂದೆ ಕಸ ಸುರಿಯುತ್ತಿದ್ದ ಜಾಗವೆಂದು ಯಾರೂ ನೆನಪಿಸಬಾರದು, ಅಷ್ಟೆ. ಎಪಿಎಂಸಿ ಮಸಾಲೆ ಮಾರ್ಕೆಟ್ಟಿನ ಹತ್ತಿರ ಬ್ಯಾಡಗಿ ಮೆಣಸಿನಕಾಯಿಯ ಘಾಟು ಹೊಡೆದರೆ ಆರರ ಲೆಕ್ಕ ಒಂದೇ ‘ಆಕ್ಷೀ’ಗೆ ಚುಕ್ತಾ. ಠಾಣೆ-ಬೇಲಾಪುರ ರಸ್ತೆಗಂತೂ ತಲೆಹಾಕುವುದಿಲ್ಲ. ಆ ಕಾರ್ಖಾನೆಗಳ ಸಾಲಿನಲ್ಲಿ ಉಸಿರಿನ ಮೇಲೆ ಗಮನವಿಟ್ಟರೆ ಗಮನಕ್ಕೆ ಬರಬಾರದ್ದೆಲ್ಲ ಬರುತ್ತದೆ.

ಇಷ್ಟಕ್ಕೇ ನಿಂತಿದ್ದರೆ ಅವರನ್ನು ಯೋಗಿಯೆಂದೇ ಒಪ್ಪಿಬಿಡುತ್ತಿದ್ದೆವು. ಆದರೆ ಬೇರೆಯವರ ಉಸಿರಿನ ಮೇಲೂ ಅವರ ಕಣ್ಣು. ವಾಶಿಯಲ್ಲೊಮ್ಮೆ ಯಕ್ಷಗಾನಕ್ಕೆ ಬಂದ ಭಾಗವತರಿಗೇ ‘ಹೊಟ್ಟೆಯಿಂದ ಎಳೀರಿ’ ಎಂದರು. ಭಾಗವತರು ಮಾತಾಡಲಿಲ್ಲ, ಆಲಾಪ ಎತ್ತಿದರು. ಅದು ಇಳಿಯುವಷ್ಟರಲ್ಲಿ ಉಸಿರಣ್ಣ ಮೂರು ಸಲ ಎಳೆದು ಬಿಟ್ಟಾಗಿತ್ತು. ಸೈಕಲ್ಲಿಗೆ ಎರಡೂ ಕಡೆ ಚೀಲ ತೂಗುಹಾಕಿ ಮುಂಜಾನೆ ಪಾವ್ ಮಾರುವ ಹುಡುಗನಿಗೂ ಪಾಠವಾಯಿತು. ಅವನು ಚಿಲ್ಲರೆ ಎಣಿಸುತ್ತ ಅಂದ: ‘ಅಂಕಲ್, ಸಾಂಸ್ ಲೇನೇ ಕೀ ಫುರ್ಸತ್ ನಹೀ.’

ನಿಮಗೂ ಒಂದು ವಿನಂತಿ. ಎದುರಾದರೆ ಕೈ ಬೀಸಿ, ನಗಿ, ‘ಹೇಗಿದ್ದೀರಿ?’ ಎಂದು ಮಾತ್ರ ಕೇಳಬೇಡಿ. ಸೈಕಲ್ಲಿಗೆ ಸ್ಟ್ಯಾಂಡ್ ಹಾಕಿ, ಧ್ಯಾನದ ಉಸಿರಿನ ಬಗ್ಗೆ ಮುಕ್ಕಾಲು ಗಂಟೆ ಉಸಿರು ಬಿಡದೆ ಮಾತಾಡುತ್ತಾರೆ.