ಕ್ಲೀವ್‌ಲ್ಯಾಂಡ್ ವಿನಿಮಯ ಮೀಮಾಂಸೆ

ಯತಿಗಳು ವರ್ಷವೆಲ್ಲ ಸಂಚರಿಸಿ ಮಳೆಗಾಲದಲ್ಲಿ ಒಂದೆಡೆ ನಿಲ್ಲುವುದನ್ನು ಚಾತುರ್ಮಾಸ್ಯ ಎನ್ನುತ್ತೇವೆ. ಅಮೆರಿಕದ ಬೇಸ್‌ಬಾಲ್ ಆಟಗಾರರ ವ್ರತ ಇದರ ತಿರುಗುಮುರುಗು. 162 ಪಂದ್ಯಗಳ ಋತುವಿನಲ್ಲಿ ಅವರು ಬಹುಮಟ್ಟಿಗೆ ಒಂದೇ ತಂಡದ ಅಂಗಿಯಲ್ಲಿರುತ್ತಾರೆ. ಆಟ ಮುಗಿದು, ಚಳಿ ಹಿಡಿದು, ಎಲ್ಲರೂ ಮನೆಯಲ್ಲಿ ಕಾಲು ಚಾಚಿ ಕೂತ ಮೇಲೆ ಸಂಚಾರ ಶುರುವಾಗುತ್ತದೆ. ದೇಹ ಸೋಫಾದ ಮೇಲೆಯೇ ಇರುತ್ತದೆ, ಒಪ್ಪಂದಪತ್ರ ಮಾತ್ರ ಊರೂರು ತಿರುಗುತ್ತದೆ. ಬೆಳಗ್ಗೆ ಎದ್ದವನು ತಾನು ಯಾವ ಊರಿನವನೆಂದು ಫೋನು ನೋಡಿ ತಿಳಿಯಬೇಕು.

ಈ ಅವಧಿಗೆ ಆಫ್‌ಸೀಸನ್ ಎಂದು ಹೆಸರು. ಆಗ, ಒಮ್ಮೊಮ್ಮೆ ಋತುವಿನ ನಡುವೆಯೂ, ನಡೆಯುವ ಕೊಡುಕೊಳೆ ಟ್ರೇಡ್. ತಂಡದಲ್ಲಿ ಯಾರು ಯಾರಿದ್ದಾರೆ ಎಂದು ಬರೆದಿಟ್ಟ ಪಟ್ಟಿ ರೋಸ್ಟರ್. ಈ ಎರಡರ ಬಗ್ಗೆ ಅಲ್ಲಿನ ವಿದ್ವಾಂಸರು ಅಂಕಿಸಂಖ್ಯೆಗಳ ಗುಡ್ಡವನ್ನೇ ಹಾಕಿದ್ದಾರೆ. ನ್ಯಾಯಶಾಸ್ತ್ರದ ಕಡೆಯಿಂದ ನೋಡುವ ಗೋಜಿಗೆ ಮಾತ್ರ ಹೋಗಿಲ್ಲ. ಆ ಕೊರತೆಯನ್ನು ತುಂಬುವುದೇ ಈ ಪ್ರಬಂಧದ ಪ್ರಯೋಜನ. ಇದನ್ನೋದಲು ಅಧಿಕಾರಿ ಯಾರೆಂದರೆ ಬೇಸ್‌ಬಾಲ್ ತಿಳಿಯದ ತಾರ್ಕಿಕ, ಇಲ್ಲವೇ ತರ್ಕ ತಿಳಿಯದ ಬೇಸ್‌ಬಾಲ್ ಅಭಿಮಾನಿ. ಎರಡೂ ಬಲ್ಲವರು ಕ್ಲೀವ್‌ಲ್ಯಾಂಡಿನಲ್ಲಿದ್ದಾರೆ. ಅವರಿಗೆ ಓದಿ ನೊಂದುಕೊಳ್ಳಲು ಇಲ್ಲಿ ಹೊಸದೇನೂ ಸಿಗದು.

ಮೇಜರ್ ಲೀಗಿನ 30 ತಂಡಗಳಲ್ಲಿ ಕ್ಲೀವ್‌ಲ್ಯಾಂಡೇ ಏಕೆ? ಒಹಾಯೊ ರಾಜ್ಯದ ಈರಿ ಸರೋವರದ ದಂಡೆಯ ಈ ತಂಡ 2021ರವರೆಗೆ ಇಂಡಿಯನ್ಸ್, 2022ರಿಂದ ಗಾರ್ಡಿಯನ್ಸ್. ವರ್ಲ್ಡ್ ಸೀರೀಸ್ ಗೆದ್ದದ್ದು 1948ರಲ್ಲಿ, ಅದೇ ಕೊನೆ. ತರ್ಕಕ್ಕೆ ಒದಗುವ ದೋಷಗಳಲ್ಲಿ ಮುಖ್ಯವಾದವು ಆತ್ಮಾಶ್ರಯ, ಅನ್ಯೋನ್ಯಾಶ್ರಯ, ಚಕ್ರಕ, ಅನವಸ್ಥೆ. ಬೇರೆ ತಂಡಗಳು ಇವುಗಳಲ್ಲಿ ಒಂದನ್ನೋ ಎರಡನ್ನೋ ಮಾಡಿ ಸುಮ್ಮನಾಗಿವೆ. ನಾಲ್ಕನ್ನೂ ಸಾಂಗವಾಗಿ ನೆರವೇರಿಸಿದ ಪುಣ್ಯಕ್ಷೇತ್ರ ಇದು.

ಮೊದಲು ಪದಾರ್ಥ ನಿರ್ಣಯ. ಎರಡು ತಂಡಗಳು ಮಾತಿಗೆ ಕೂತಿವೆ ಎನ್ನಿ. ಒಂದು ತಂಡ ಈಗಲೇ ಒಬ್ಬ ಆಟಗಾರನನ್ನು ಕೊಡುತ್ತದೆ. ಪ್ರತಿಯಾಗಿ ಯಾರನ್ನು ಪಡೆಯುವುದೆಂದು ಇನ್ನೂ ಗೊತ್ತಾಗಿಲ್ಲ. ಆಗ ಪತ್ರದಲ್ಲಿ ‘ಹೆಸರನ್ನು ಆಮೇಲೆ ತಿಳಿಸಲಾಗುವ ಆಟಗಾರ’ ಎಂದು ಬರೆದು ಸಹಿ ಹಾಕುತ್ತಾರೆ. ನಾಮಕರಣಕ್ಕೆ ಆರು ತಿಂಗಳ ಗಡುವು. ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿಸುವುದು ನಮ್ಮಲ್ಲಿ ಗಾದೆ. ಅಲ್ಲಿ ನಿಯಮ, ಅಷ್ಟೇ ಅಲ್ಲ, ಕೂಸನ್ನು ದತ್ತು ಕೊಟ್ಟೂ ಆಗಿರುತ್ತದೆ. ಈ ಅನಾಮಿಕನ ಇರವು ಎಂಥದು? ಮಡಕೆಯಾಗುವ ಮೊದಲು ಮಣ್ಣಿನಲ್ಲಿರುವ ಮಡಕೆಯ ಇಲ್ಲದಿರುವಿಕೆಯನ್ನು ನೈಯಾಯಿಕರು ಪ್ರಾಗಭಾವ ಎಂದರು. ಹಾಗೆಯೇ ಇವನೂ ಒಂದು ಪ್ರಾಗಭಾವ. ವ್ಯತ್ಯಾಸವಿಷ್ಟೇ, ಇಲ್ಲದ ಮಡಕೆಯನ್ನು ಯಾವ ಕುಂಬಾರನೂ ಮಾರಿದ ದಾಖಲೆಯಿಲ್ಲ.

ಇಲ್ಲಿ ಆರ್‌ಸಿಬಿ ಅಂಗಿ ತೊಟ್ಟ ಪೂರ್ವಪಕ್ಷಿಯೊಬ್ಬ ಏಳುತ್ತಾನೆ. “ಸ್ವಾಮಿ, 2022ರಲ್ಲಿ ನಮ್ಮ ಬೆಂಗಳೂರಿನಲ್ಲೇ ಐಪಿಎಲ್ ಹರಾಜು ಆಯಿತಲ್ಲ, ಅದೂ ಇದೇ ಅಲ್ಲವೇ?” ಅಲ್ಲ. ಹರಾಜಿನಲ್ಲಿ ಮೊದಲು ಹೆಸರು ಕೂಗುತ್ತಾರೆ, ಆಮೇಲೆ ಬೆಲೆ. ಕೂತುಕೊಳ್ಳಿ.

ಈಗ ಆತ್ಮಾಶ್ರಯ. ಒಂದನ್ನು ಸಾಧಿಸಲು ಅದನ್ನೇ ಆಧಾರವಾಗಿ ಹಿಡಿಯುವುದು ಇದರ ಲಕ್ಷಣ. 1962ರ ಏಪ್ರಿಲ್‌ನಲ್ಲಿ ಕ್ಲೀವ್‌ಲ್ಯಾಂಡ್ ತನ್ನ ಕ್ಯಾಚರ್ ಹ್ಯಾರಿ ಚಿಟಿಯನ್ನು ನ್ಯೂಯಾರ್ಕ್ ಮೆಟ್ಸ್‌ಗೆ ಕೊಟ್ಟಿತು, ಹೆಸರಿಡದ ಆಟಗಾರನೊಬ್ಬನಿಗೆ ಬದಲಾಗಿ. ಮೆಟ್ಸ್‌ಗೆ ಅದು ಹುಟ್ಟಿದ ವರ್ಷ. ಆ ವರ್ಷ ಅವರು 120 ಪಂದ್ಯ ಸೋತರು. ಚಿಟಿ ಅಲ್ಲಿ 15 ಪಂದ್ಯ ಆಡಿದರು, ಬ್ಯಾಟಿಂಗ್ ಸರಾಸರಿ .195, ಅಂದರೆ ಐದು ಸಲ ಬ್ಯಾಟು ಹಿಡಿದರೆ ಒಂದು ಸಲವೂ ನೆಟ್ಟಗೆ ತಾಗದು. ಜೂನ್‌ನಲ್ಲಿ ನಾಮಕರಣದ ಮುಹೂರ್ತ ಕೂಡಿಬಂತು. ಮೆಟ್ಸ್ ತಿಳಿಸಿದ ಹೆಸರು: ಹ್ಯಾರಿ ಚಿಟಿ. ಮಡಕೆಯ ಬೆಲೆಗೆ ಅದೇ ಮಡಕೆ ಸಂದಿತು, ಲೆಕ್ಕ ಚುಕ್ತಾ.

ಇದರ ಮೇಲೆ ಎರಡು ಮತಗಳು ಸಾಧ್ಯ. ಅದ್ವೈತಿಗಳ ಪ್ರಕಾರ ಏಪ್ರಿಲ್‌ನ ಚಿಟಿಯೂ ಜೂನ್‌ನ ಚಿಟಿಯೂ ಒಂದೇ, ನಡುವೆ ತೋರಿದ ನ್ಯೂಯಾರ್ಕ್ ಬರೀ ಮಾಯೆ. 120 ಸೋಲನ್ನು ಕಣ್ಣಾರೆ ಕಂಡವರು ಇದನ್ನು ತಕ್ಷಣ ಒಪ್ಪಿಯಾರು. ದ್ವೈತಿಗಳು ಭೇದ ಸತ್ಯ, ತಾರತಮ್ಯ ಸತ್ಯ ಎನ್ನುತ್ತಾರೆ, ಹೋದವನು ಬೇರೆ, .195 ಹೊತ್ತು ಬಂದವನು ಬೇರೆ. ಪ್ರಬಂಧಕಾರನಿಗೆ ಎರಡನೆಯ ಮತವೇ ಹೆಚ್ಚು ಹಿಡಿಸುತ್ತದೆ. ಮರಳಿ ಬಂದ ಚಿಟಿಯನ್ನು ಕ್ಲೀವ್‌ಲ್ಯಾಂಡ್ ಆಮೇಲೆ ಮೇಜರ್ ಲೀಗಿನಲ್ಲಿ ಆಡಿಸಲೇ ಇಲ್ಲ.

ಹೆಸರಿಡುವುದೇ ಆಗದೆ ಹೋದರೆ? 1994ರ ಆಗಸ್ಟ್ ಕೊನೆಯಲ್ಲಿ ಮಿನೆಸೋಟ ಟ್ವಿನ್ಸ್ ತಂಡ ಡೇವ್ ವಿನ್‌ಫೀಲ್ಡ್ ಎಂಬ, 3000 ಹಿಟ್ ದಾಟಿದ ಮಹಾರಥನನ್ನು ಇದೇ ಷರತ್ತಿನ ಮೇಲೆ ಕ್ಲೀವ್‌ಲ್ಯಾಂಡಿಗೆ ಕೊಟ್ಟಿತು. ಆಟಗಾರರ ಮುಷ್ಕರ ಆಗಲೇ ನಡೆಯುತ್ತಿತ್ತು. ಸೆಪ್ಟೆಂಬರ್‌ನಲ್ಲಿ ಉಳಿದ ಋತುವೆಲ್ಲ ರದ್ದಾಯಿತು. ವಿನ್‌ಫೀಲ್ಡ್ ಆ ವರ್ಷ ಕ್ಲೀವ್‌ಲ್ಯಾಂಡಿಗೆ ಒಂದು ಪಂದ್ಯವನ್ನೂ ಆಡಲಿಲ್ಲ, ಅನಾಮಿಕನಿಗೆ ಹೆಸರೂ ಬರಲಿಲ್ಲ. ಕೊನೆಗೆ ಕ್ಲೀವ್‌ಲ್ಯಾಂಡಿನ ಅಧಿಕಾರಿಗಳು ಮಿನೆಸೋಟದವರನ್ನು ರಾತ್ರಿಯೂಟಕ್ಕೆ ಕರೆದೊಯ್ದು ಬಿಲ್ಲು ಕೊಟ್ಟು ಋಣಮುಕ್ತರಾದರು. ಊಟ ಉಂಡು ಜೀರ್ಣವಾಗಿ ಹೋದದ್ದರಿಂದ ಇದು ಪ್ರಧ್ವಂಸಾಭಾವ: ಇದ್ದು ಇಲ್ಲವಾದದ್ದು. ಒಬ್ಬರಿಗೆ ಸೊನ್ನೆ ಪಂದ್ಯ, ಇನ್ನೊಬ್ಬರಿಗೆ ಒಂದು ಊಟ. ಬೇಸ್‌ಬಾಲ್ ಚರಿತ್ರೆಯಲ್ಲಿ ಇಷ್ಟು ನ್ಯಾಯವಾದ ವಿನಿಮಯ ಇನ್ನೊಂದಿಲ್ಲ.

ಆದರೆ ಕ್ಲೀವ್‌ಲ್ಯಾಂಡಿಗೆ ಕ್ಷೇತ್ರಮಹಿಮೆ ಬಂದದ್ದು ಇವರಿಂದಲ್ಲ, ಫ್ರ್ಯಾಂಕ್ ಲೇನ್ ಎಂಬ ಆಚಾರ್ಯರಿಂದ. 1957ರ ಕೊನೆಯಿಂದ 1961ರ ಆರಂಭದವರೆಗೆ ಜನರಲ್ ಮ್ಯಾನೇಜರ್ ಪೀಠದಲ್ಲಿದ್ದ ಇವರ ಬಿರುದೇ ‘ಟ್ರೇಡರ್’. ಇದಕ್ಕೆ ಮೊದಲು ಸೇಂಟ್ ಲೂಯಿಸ್‌ನಲ್ಲಿದ್ದಾಗ, ಆ ಊರಿನ ಆರಾಧ್ಯದೈವ ಸ್ಟ್ಯಾನ್ ಮ್ಯೂಸಿಯಲ್‌ರನ್ನೇ ದಾಟಿಸಲು ಹೊರಟು, ಮಾಲೀಕರು ಅಡ್ಡಬಂದದ್ದರಿಂದ ಸುಮ್ಮನಾದವರು. ಕೆಲವರಿಗೆ ಕೈಯಲ್ಲಿದ್ದ ನೋಟು ಖರ್ಚಾಗುವ ತನಕ ನಿದ್ದೆ ಬಾರದು. ಲೇನರಿಗೆ ಆಟಗಾರರು ಆ ನೋಟು.

1958ರ ಜೂನ್‌ನಲ್ಲಿ ರೋಜರ್ ಮ್ಯಾರಿಸ್ ಎಂಬ ಯುವಕನನ್ನು ಕ್ಯಾನ್ಸಸ್ ಸಿಟಿಗೆ ಕಳಿಸಿದರು. 1959ರ ಡಿಸೆಂಬರ್‌ನಲ್ಲಿ ಶಿಕಾಗೊದಿಂದ ನಾರ್ಮ್ ಕ್ಯಾಶ್ ಎಂಬುವನನ್ನು ತರಿಸಿ, 1960ರ ಏಪ್ರಿಲ್ 12ರಂದು ಡೆಟ್ರಾಯಿಟ್‌ಗೆ ಕೊಟ್ಟರು. ನಡುವೆ ಋತು ಶುರುವಾಗಿರಲಿಲ್ಲ, ಹಾಗಾಗಿ ಕ್ಲೀವ್‌ಲ್ಯಾಂಡಿನ ಅಂಗಿಯಲ್ಲಿ ಕ್ಯಾಶ್ ಆಡಿದ ಅಧಿಕೃತ ಪಂದ್ಯಗಳು ಸೊನ್ನೆ. ಗಾಳಿಯಲ್ಲಿ ಬಣ್ಣವಿಲ್ಲದ ಹಾಗೆ ಮೂರು ಕಾಲಕ್ಕೂ ಇಲ್ಲದಿರುವ ಇದೇ ಅತ್ಯಂತಾಭಾವ. ಡೆಟ್ರಾಯಿಟ್‌ನ ಅಂಗಿಯಲ್ಲಿ ಅವರು ಕ್ಲೀವ್‌ಲ್ಯಾಂಡಿಗೆ ಮೇಲಿಂದ ಮೇಲೆ ಬಂದು ಚೆಂಡನ್ನು ಚಚ್ಚಿ ಹೋದದ್ದು ಈ ಲಕ್ಷಣಕ್ಕೆ ಬಾಧಕವಲ್ಲ. ಅವರ ಬದಲಿಗೆ ಬಂದವರು ಕ್ಲೀವ್‌ಲ್ಯಾಂಡಿಗೆ ಆಡಿದ್ದು ನಾಲ್ಕು ಪಂದ್ಯ.

ಕ್ಯಾಶ್ ಹೋಗಿ ಐದೇ ದಿನ, ಏಪ್ರಿಲ್ 17, ಈಸ್ಟರ್ ಭಾನುವಾರ, ಋತು ಶುರುವಾಗಲು ಇನ್ನೆರಡು ದಿನ. ಮೆಂಫಿಸ್‌ನಲ್ಲಿ ಅಭ್ಯಾಸ ಪಂದ್ಯ ನಡೆಯುತ್ತಿದ್ದಾಗಲೇ ರಾಕಿ ಕೊಲವಿಟೊರನ್ನು ಲೇನ್ ಡೆಟ್ರಾಯಿಟ್‌ಗೆ ಕೊಟ್ಟುಬಿಟ್ಟರು. ಕೊಲವಿಟೊ ಆಗ ಫಸ್ಟ್ ಬೇಸ್ ಮೇಲೆ ನಿಂತಿದ್ದರು. ಮ್ಯಾನೇಜರ್ ಜೋ ಗಾರ್ಡನ್ ಅಲ್ಲಿಗೇ ನಡೆದುಹೋಗಿ ಸುದ್ದಿ ಮುಟ್ಟಿಸಿದರು. ಹಿಂದಿನ ವರ್ಷ 42 ಹೋಮ್‌ರನ್ ಬಾರಿಸಿ ಅಮೆರಿಕನ್ ಲೀಗಿನ ಅಗ್ರಸ್ಥಾನ ಹಂಚಿಕೊಂಡಿದ್ದ ಚೆಲುವ ಅವರು. ಊರಿನ ಹುಡುಗರೆಲ್ಲ ಅವರಂತೆ ಬ್ಯಾಟನ್ನು ಬೆನ್ನ ಹಿಂದೆ ಹಿಡಿದು ಮೈಮುರಿಯುತ್ತಿದ್ದರು. ಬದಲಿಗೆ ಬಂದ ಹಾರ್ವಿ ಕೀನ್ .353 ಸರಾಸರಿಯಿಂದ ಅದೇ ವರ್ಷದ ಬ್ಯಾಟಿಂಗ್ ಚಾಂಪಿಯನ್. ಹ್ಯಾಂಬರ್ಗರ್ ಕೊಟ್ಟು ಸ್ಟೇಕ್ ತಂದೆ ಎಂಬರ್ಥದಲ್ಲಿ ಲೇನ್ ಬೀಗಿದರು. ಎರಡೂ ಒಂದೇ ಪ್ರಾಣಿಯಿಂದ ಬಂದವೆಂಬುದನ್ನು ಆಚಾರ್ಯರು ವಿಚಾರಿಸಿದಂತಿಲ್ಲ; ಪ್ರಬಂಧಕಾರನ ಮಡಿಗೂ ಇನ್ನು ಮುಂದಿನ ವಿಚಾರಣೆ ಹೊಂದದು.

ಇಲ್ಲಿ ಲೇನ್ ಎಡವಿದ್ದು ಅನ್ಯೋನ್ಯಾಭಾವದ ಪಾಠದಲ್ಲಿ. ಘಟ ಪಟವಲ್ಲ, ಪಟ ಘಟವಲ್ಲ ಎಂಬುದು ತರ್ಕದ ಮೊದಲ ವರ್ಷದ ಪಾಠ. ಕೊಲವಿಟೊ ಕೀನ್ ಅಲ್ಲ, ಕೀನ್ ಕೊಲವಿಟೊ ಅಲ್ಲ ಎಂಬುದು ಕ್ಲೀವ್‌ಲ್ಯಾಂಡಿನ ಹತ್ತು ವರ್ಷದ ಮಕ್ಕಳಿಗೂ ಗೊತ್ತಿತ್ತು. ಆ ವರ್ಷ ಕೊಲವಿಟೊ ಡೆಟ್ರಾಯಿಟ್‌ಗೆ 35 ಹೋಮ್‌ರನ್ ಬಾರಿಸಿದರು. ಕೀನ್ ಕ್ಲೀವ್‌ಲ್ಯಾಂಡಿಗೆ 9. ಡಿಸೆಂಬರ್‌ನಲ್ಲಿ ಕೀನ್ ಸ್ಯಾನ್ ಫ್ರಾನ್ಸಿಸ್ಕೊಗೆ ಹೋದರು, ಜನವರಿಯಲ್ಲಿ ಲೇನ್ ಕ್ಯಾನ್ಸಸ್ ಸಿಟಿಗೆ ಹೋದರು. 1961ರಲ್ಲಿ ಮ್ಯಾರಿಸ್ ಯಾಂಕೀಸ್‌ಗೆ 61 ಹೋಮ್‌ರನ್, ಕ್ಯಾಶ್ ಡೆಟ್ರಾಯಿಟ್‌ಗೆ .361 ಸರಾಸರಿ, ಕೊಲವಿಟೊ ಅಲ್ಲೇ 45 ಹೋಮ್‌ರನ್. ಕ್ಲೀವ್‌ಲ್ಯಾಂಡಿಗೆ ಐದನೆಯ ಸ್ಥಾನ.

ಅನ್ಯೋನ್ಯಾಶ್ರಯಕ್ಕೆ ಹೆಚ್ಚು ಹೊತ್ತು ಬೇಡ. 1960ರ ಆಗಸ್ಟ್‌ನಲ್ಲಿ ಲೇನರೂ ಡೆಟ್ರಾಯಿಟ್‌ನ ಬಿಲ್ ಡಿವಿಟ್ಟರೂ, ಆಟಗಾರರು ಮುಗಿದಂತೆ ಕಂಡದ್ದರಿಂದ, ಮ್ಯಾನೇಜರುಗಳನ್ನೇ ಅದಲುಬದಲು ಮಾಡಿಕೊಂಡರು. ಜೋ ಗಾರ್ಡನ್ ಅತ್ತ, ಜಿಮ್ಮಿ ಡೈಕ್ಸ್ ಇತ್ತ. ಎಂಟು ತಂಡಗಳಲ್ಲಿ ಕ್ಲೀವ್‌ಲ್ಯಾಂಡ್ ನಾಲ್ಕನೆಯದಾಯಿತು, ಡೆಟ್ರಾಯಿಟ್ ಆರನೆಯದು.

ಚಕ್ರಕ ದೋಷ ನಿಧಾನವಾಗಿ ಸುತ್ತುತ್ತದೆ. ಕೊಲವಿಟೊ ಡೆಟ್ರಾಯಿಟ್‌ನಿಂದ ಕ್ಯಾನ್ಸಸ್ ಸಿಟಿಗೆ ಹೋಗಿದ್ದರು. 1965ರ ಜನವರಿಯಲ್ಲಿ ಪಶ್ಚಾತ್ತಾಪ ಉಕ್ಕಿಬಂದು ಕ್ಲೀವ್‌ಲ್ಯಾಂಡ್ ಅವರನ್ನು ಮೂರು ತಂಡಗಳ ವಿನಿಮಯವೊಂದರಲ್ಲಿ ಮರಳಿ ತಂದಿತು. ಪ್ರಾಯಶ್ಚಿತ್ತದ ದಕ್ಷಿಣೆಯಾಗಿ ಶಿಕಾಗೊಗೆ ಹೋದವರಲ್ಲಿ ಟಾಮಿ ಏಜಿ ಮತ್ತು ಟಾಮಿ ಜಾನ್ ಇದ್ದರು. ಏಜಿ 1966ರಲ್ಲಿ ಲೀಗಿನ ಶ್ರೇಷ್ಠ ಹೊಸಬ. ಟಾಮಿ ಜಾನ್ ಆಮೇಲೆ ಬೇರೆ ಬೇರೆ ತಂಡಗಳಿಗೆ 286 ಪಂದ್ಯ ಗೆದ್ದುಕೊಟ್ಟರು. ಇಂದು ಜಗತ್ತಿನೆಲ್ಲೆಡೆ ಎಸೆತಗಾರರ ಮೊಣಕೈಗೆ ಮಾಡುವ ಶಸ್ತ್ರಚಿಕಿತ್ಸೆಗೆ ಅವರದೇ ಹೆಸರು. ಪಾಪಕ್ಕಿಂತ ಪ್ರಾಯಶ್ಚಿತ್ತವೇ ದುಬಾರಿಯಾದ ಪ್ರಸಂಗ ಧರ್ಮಶಾಸ್ತ್ರಗಳಲ್ಲೂ ಅಪರೂಪ.

ನವ್ಯ ನೈಯಾಯಿಕರು ಇಂಥ ಅವಾಂತರ ತಪ್ಪಿಸಲು ಒಂದು ಅಳತೆಗೋಲು ಕಂಡುಹಿಡಿದಿದ್ದಾರೆ. ಅದರ ಹೆಸರು ವಾರ್. ಪ್ರತಿ ಆಟಗಾರನೂ ಒಬ್ಬ ‘ಬದಲಿ ಆಟಗಾರ’ನಿಗಿಂತ ಎಷ್ಟು ಗೆಲುವು ಹೆಚ್ಚು ತಂದ ಎಂಬ ಲೆಕ್ಕ. ಈ ಬದಲಿ ಆಟಗಾರ ಯಾವ ಊರಿನವನು? ಎಲ್ಲಿಯವನೂ ಅಲ್ಲ, ಮೊಲದ ಕೊಂಬಿನ ವಂಶದವನು. ಬೇಸ್‌ಬಾಲ್ ರೆಫರೆನ್ಸ್ ಮತ್ತು ಫ್ಯಾನ್‌ಗ್ರಾಫ್ಸ್ ಎಂಬ ಎರಡು ಪೀಠಗಳು ಎಸೆತಗಾರರ ಬೆಲೆ ಕಟ್ಟುವಲ್ಲಿ ಬೇರೆ ಬೇರೆ ಭಾಷ್ಯ ಬರೆದಿವೆ, ಆದರೆ ಇಂಥ ಇಲ್ಲದವರನ್ನೇ ತುಂಬಿದ ತಂಡ 162ರಲ್ಲಿ ಸುಮಾರು 48 ಪಂದ್ಯ ಗೆಲ್ಲುತ್ತದೆ ಎಂಬಲ್ಲಿ ಎರಡಕ್ಕೂ ಒಮ್ಮತ. 1962ರ ಮೆಟ್ಸ್ ಗೆದ್ದದ್ದು 40. ಇಲ್ಲದವರು ಇದ್ದವರನ್ನು ಸೋಲಿಸಿದ ಈ ನಿದರ್ಶನ ಸಿಕ್ಕಿದ್ದರೆ ಬೌದ್ಧ ಶೂನ್ಯವಾದಿಗಳು ಬಿಡುತ್ತಿರಲಿಲ್ಲ.

ಅಳತೆಗೋಲು ಬಂದರೂ ಅನವಸ್ಥೆ ತಪ್ಪಲಿಲ್ಲ. ಆನೆಯ ಕೆಳಗೆ ಆಮೆ, ಆಮೆಯ ಕೆಳಗೆ ಏನು ಎಂದು ಕೇಳುತ್ತಾ ಹೋದರೆ ಎಲ್ಲೂ ನಿಲ್ಲದಿರುವುದು ಅನವಸ್ಥೆ. 2021ರ ಜನವರಿಯಲ್ಲಿ ಕ್ಲೀವ್‌ಲ್ಯಾಂಡ್ ತನ್ನ ನಗುಮುಖದ ಶಾರ್ಟ್‌ಸ್ಟಾಪ್ ಫ್ರಾನ್ಸಿಸ್ಕೊ ಲಿಂಡೋರ್‌ರನ್ನು ಮೆಟ್ಸ್‌ಗೆ ಕೊಟ್ಟಿತು. ಬಂದವರಲ್ಲಿ ಮುಖ್ಯರು ಅಮೆಡ್ ರೊಸಾರಿಯೊ ಮತ್ತು ಆಂಡ್ರೇಸ್ ಹಿಮೆನೆಸ್. ರೊಸಾರಿಯೊರನ್ನು 2023ರ ಜುಲೈನಲ್ಲಿ ಕೊಟ್ಟು ನೋವಾ ಸಿಂಡರ್‌ಗಾರ್ಡ್ ಎಂಬ ಎಸೆತಗಾರನನ್ನು ತಂದರು. ಆಗಸ್ಟ್ ಮುಗಿಯುವ ಮುನ್ನ ಅವರನ್ನು ತ್ರಿಶಂಕು ಸ್ವರ್ಗಕ್ಕೆ ಏರಿಸಿದರು. ಈ ಸ್ವರ್ಗಕ್ಕೆ ಅಲ್ಲಿ ಡಿಎಫ್‌ಎ ಎನ್ನುತ್ತಾರೆ: 40 ಜನರ ಪಟ್ಟಿಯಿಂದ ಹೆಸರು ಹೊಡೆದಾಯಿತು, ತಂಡವಿನ್ನೂ ಬಿಟ್ಟಿಲ್ಲ, ಏಳು ದಿನ ಮಧ್ಯಾಕಾಶದಲ್ಲಿ ತಲೆಕೆಳಗು. ವಿಶ್ವಾಮಿತ್ರರಿಗಾದರೂ ತ್ರಿಶಂಕುವಿನ ಮೇಲೆ ಅಭಿಮಾನವಿತ್ತು. ಸಿಂಡರ್‌ಗಾರ್ಡ್‌ಗೆ ಬಿಡುಗಡೆಯ ಪತ್ರ ಬಂತು.

ಹಿಮೆನೆಸ್‌ರದು ಇನ್ನೂ ಸೂಕ್ಷ್ಮ. 2024ರ ಡಿಸೆಂಬರ್‌ನಲ್ಲಿ, ಡಲ್ಲಾಸ್‌ನ ಚಳಿಗಾಲದ ಸಭೆಯ ವೇಳೆ, ಅವರನ್ನು ಟೊರೊಂಟೊಗೆ ಕೊಟ್ಟು ಸ್ಪೆನ್ಸರ್ ಹಾರ್ವಿಟ್ಜ್‌ರನ್ನು ಪಡೆದರು. ಅದೇ ದಿನ ಹಾರ್ವಿಟ್ಜ್‌ರನ್ನು ಪಿಟ್ಸ್‌ಬರ್ಗ್‌ಗೆ ಕೊಟ್ಟು ಮೂವರು ಎಸೆತಗಾರರನ್ನು ಪಡೆದರು. ನಾರ್ಮ್ ಕ್ಯಾಶ್ ನಾಲ್ಕು ತಿಂಗಳು ಕ್ಲೀವ್‌ಲ್ಯಾಂಡಿನವರಾಗಿದ್ದರು. ಹಾರ್ವಿಟ್ಜ್ ಕೆಲವು ಗಂಟೆ. ವಿದ್ಯೆ ಬೆಳೆದಿರುವುದು ಇದರಿಂದ ಸ್ಪಷ್ಟ.

ಇಲ್ಲಿಗೆ ಗ್ರಂಥ ಮುಗಿಯಬೇಕಿತ್ತು. ಆದರೆ ಪೂರ್ವಪಕ್ಷಿ ಮತ್ತೆ ಎದ್ದ. “ಸ್ವಾಮಿ, ಆಟಗಾರನನ್ನು ದ್ರವ್ಯ ಎಂದು ಹಿಡಿದೇ ಇಷ್ಟೆಲ್ಲ ಹೇಳಿದಿರಿ. ಅವನನ್ನೊಂದು ಮಾತು ಕೇಳಿದಿರಾ?” ಪ್ರಶ್ನೆ ಶಾಸ್ತ್ರಬಾಹಿರ. ಕಣಾದರು ಒಂಬತ್ತು ದ್ರವ್ಯಗಳನ್ನು ಎಣಿಸಿದ್ದಾರೆ, ಅವುಗಳಲ್ಲಿ ಯಾವುದೂ ಪತ್ರ ಬರೆದದ್ದಿಲ್ಲ. ಆದರೂ ಒಮ್ಮೆ ಹಾಗಾಗಿದೆ ಎಂದು ಒಪ್ಪಲೇಬೇಕು. 1969ರ ಅಕ್ಟೋಬರ್‌ನಲ್ಲಿ ಸೇಂಟ್ ಲೂಯಿಸ್ ತಂಡ ಕರ್ಟ್ ಫ್ಲಡ್‌ರನ್ನು ಫಿಲಡೆಲ್ಫಿಯಾಗೆ ಕೊಟ್ಟಿತು. ಹನ್ನೆರಡು ವರ್ಷ ಅಲ್ಲಿ ಆಡಿದ್ದ ಆ ಕಪ್ಪು ಆಟಗಾರ ಹೋಗಲೊಲ್ಲೆ ಎಂದರು. ಡಿಸೆಂಬರ್ 24ರಂದು ಕಮಿಷನರ್ ಬೋವಿ ಕೂನ್‌ಗೆ ಪತ್ರ ಬರೆದು, ತಾನು ಕೊಂಡು ಮಾರುವ ಆಸ್ತಿಯಲ್ಲವೆಂದು ತಿಳಿಸಿದರು. ವ್ಯಾಜ್ಯ ಸುಪ್ರೀಂ ಕೋರ್ಟಿಗೆ ಹೋಗಿ, 1972ರಲ್ಲಿ ಐದಕ್ಕೆ ಮೂರರ ಅಂತರದಲ್ಲಿ ದ್ರವ್ಯ ಸೋತಿತು. ಆಟದ ಬಾಳೂ ಅಲ್ಲಿಗೆ ಮುಗಿದಿತ್ತು. ಮೂರು ವರ್ಷದ ನಂತರ, 1975ರ ಡಿಸೆಂಬರ್ 23ರಂದು, ಪೀಟರ್ ಸೈಟ್ಜ್ ಎಂಬ ಮಧ್ಯಸ್ಥಗಾರರು ಬೇರಿಬ್ಬರು ಎಸೆತಗಾರರ ಮೊಕದ್ದಮೆಯಲ್ಲಿ ತದ್ವಿರುದ್ಧ ತೀರ್ಪು ಕೊಟ್ಟರು. ಒಪ್ಪಂದ ಮುಗಿದ ಆಟಗಾರ ತನ್ನ ಊರನ್ನು ತಾನೇ ಆರಿಸಬಹುದೆಂಬ ವಿಚಿತ್ರ ಸಂಪ್ರದಾಯ ಅಂದಿನಿಂದ ಹೊರಟಿತು.

ಆ ಸಂಪ್ರದಾಯದ ವಿವರ ಎರಡನೆಯ ಸಂಪುಟದಲ್ಲಿ ಬರಬೇಕು. ಅಂಥ ಸ್ವಾತಂತ್ರ್ಯಕ್ಕೆ ಇನ್ನೊಂದೇ ವರ್ಷ ಬಾಕಿಯಿದ್ದ ಲಿಂಡೋರ್‌ಗೆ ಮೆಟ್ಸ್ ಮೂರೇ ತಿಂಗಳಲ್ಲಿ ಹತ್ತು ವರ್ಷಕ್ಕೆ 34.1 ಕೋಟಿ ಡಾಲರ್ ಬರೆದುಕೊಟ್ಟಿತು ಎಂಬುದರಿಂದ ಆ ಸಂಪುಟದ ಬೆಲೆಯನ್ನು ಊಹಿಸಬಹುದು. ಕ್ಲೀವ್‌ಲ್ಯಾಂಡಿನವರು ಅದನ್ನು ಕೊಳ್ಳುವ ಸಂಭವ ಕಡಿಮೆ. ಬದಲಿಗೆ ಹೆಸರಿಡದ ಪುಸ್ತಕವೊಂದನ್ನು ಕೊಡಲು ಬಂದರೆ ಯೋಚಿಸೋಣ.