ಉದ್ದತಂತಿ ಮೀಮಾಂಸೆ

ರೇಡಿಯೋ ಏರಿಯಲ್ ಎಂಬ ಪದಾರ್ಥವು ಮೂರು ಬಗೆ: ಸೆಟ್ಟಿನ ಬೆನ್ನಿಗಂಟಿದ ಕೋಲು, ಪಡಸಾಲೆಯಲ್ಲಿ ಗೋಡೆಯಿಂದ ಗೋಡೆಗೆ ಬಿಗಿದ ಜಾಲರಿ, ಮನೆಯವರ ಒಪ್ಪಿಗೆಯಿಲ್ಲದೆ ಹಿತ್ತಿಲಲ್ಲಿ ಎಳೆದ ಉದ್ದತಂತಿ. ಮೊದಲೆರಡು ಅಲ್ಪವಿಷಯಗಳು, ಅವನ್ನು ಶಿಷ್ಯರಿಗೆ ಬಿಟ್ಟಿದ್ದೇನೆ.

ಮೊದಲು ಲಕ್ಷಣ. ಶಾಸ್ತ್ರಪ್ರಕಾರ ತಂತಿ ಕಡೇಪಕ್ಷ ಒಂದು ಅಲೆಯಷ್ಟಾದರೂ ಇದ್ದರೆ ಮಾತ್ರ 'ಉದ್ದ'. ಬೆಂಗಳೂರು ಆಕಾಶವಾಣಿಯ ಮಧ್ಯಮ ತರಂಗ 612 ಕಿಲೋಹರ್ಟ್ಸ್, ಅಂದರೆ ಒಂದೊಂದು ಅಲೆಯೂ ಸುಮಾರು 490 ಮೀಟರ್. ನಮ್ಮ ಹಿತ್ತಿಲೋ, ಕೊಟ್ಟಿಗೆಯಿಂದ ಬೇಲಿಯ ತೆಂಗಿನವರೆಗೆ 22 ಮೀಟರ್. ಲಕ್ಷಣಕಾರರ ಮಾತು ನಡೆಸಬೇಕಾದರೆ ತಂತಿ ಪಕ್ಕದವರ ಅಡಿಕೆ ತೋಟ ಹಾದು, ಹಳ್ಳ ದಾಟಿ, ಶಾಲೆಯ ಬಾವುಟದ ಕಂಬದಲ್ಲಿ ಮುಗಿಯಬೇಕು. ಪಕ್ಕದವರೊಡನೆ ಮಾತು ಬಿಟ್ಟು ವರ್ಷವಾಯಿತಾದ್ದರಿಂದ ಲಕ್ಷಣವನ್ನೇ ಕೈಬಿಡಲಾಗಿದೆ.

ಇನ್ನು ಗುಣಪಕ್ಷ. 1901ರ ಡಿಸೆಂಬರ್ 12ರಂದು ಮಾರ್ಕೋನಿ ನ್ಯೂಫೌಂಡ್‌ಲ್ಯಾಂಡಿನ ಗುಡ್ಡದ ಮೇಲೆ ಗಾಳಿಪಟಕ್ಕೆ ತಂತಿ ಕಟ್ಟಿ ಹಾರಿಸಿ, ಅಟ್ಲಾಂಟಿಕ್ ಆಚೆಯಿಂದ ಬಂದ ಮೂರು ಚುಕ್ಕೆಗಳನ್ನು ಕೇಳಿದೆನೆಂದ. ಅದು ಸಂಕೇತವೋ ಬರಿಯ ಗೊರಗೊರವೋ ಎಂಬ ಜಗಳ ಪಂಡಿತರಲ್ಲಿ ಇನ್ನೂ ತೀರಿಲ್ಲ. ನಮ್ಮ ಮನೆಯಲ್ಲೂ ತೀರಿಲ್ಲ. ಅಮೆರಿಕದ ಹೆರಾಲ್ಡ್ ಬೆವರೇಜ್ ನೆಲಕ್ಕೆ ಸಮೀಪವಾಗಿ ಬಲು ಉದ್ದದ ತಂತಿ ಎಳೆದು, ಅದು ಒಂದೇ ದಿಕ್ಕಿಗೆ ಕಿವಿಗೊಡುವಂತೆ ಮಾಡಿ 1921ರಲ್ಲಿ ಪೇಟೆಂಟ್ ಪಡೆದ. (ಅಷ್ಟುದ್ದ ಎಳೆದವನಿಗೆ ಹೆಸರಿನ ಮೊದಲರ್ಧ ಧಾರಾಳವಾಗಿ ಬಂದಿರಬೇಕು.) ತಂತಿ ಅಗ್ಗ; ಒಂದೇ ತಂತಿ ಎಲ್ಲ ಬ್ಯಾಂಡಿಗೂ ಆಗುತ್ತದೆ, ಕಾಗೆಗೂ ಆಗುತ್ತದೆ.

ದೋಷಪಕ್ಷ ಇದಕ್ಕಿಂತ ಪುಷ್ಟ. ತಂತಿಗೆ ಹೊಟ್ಟೆ ದೊಡ್ಡದು, ವಿವೇಕ ಸಣ್ಣದು. ದೂರದ ಸ್ಟೇಷನ್ನನ್ನು ತರುವಷ್ಟೇ ಭಕ್ತಿಯಿಂದ ಎಲ್‌ಇಡಿ ಬಲ್ಬು, ಮೊಬೈಲ್ ಚಾರ್ಜರುಗಳ ಕಿರಿಕಿರಿಯನ್ನೂ ಹೊತ್ತು ತರುತ್ತದೆ. ಅಂಗೈಯಗಲದ ಟ್ರಾನ್ಸಿಸ್ಟರಿಗೆ ಚುಚ್ಚಿದಿರೋ, ಅಜೀರ್ಣವಾಗಿ ಒಂದೇ ಸ್ಟೇಷನ್ನು ಮುಳ್ಳು ತಿರುಗಿಸಿದಲ್ಲೆಲ್ಲ ಹಾಡುತ್ತದೆ. ಇದಕ್ಕೆ ನಾನು ಕಂಡುಕೊಂಡ ಸಿದ್ಧಾಂತ: ಊರಿಗೆಲ್ಲ ಕರೆಂಟು ಹೋದ ಕ್ಷಣದಲ್ಲಿ, ಸೆಲ್ ಹಾಕಿದ ಸೆಟ್ಟಿನಲ್ಲಿ, ಉದ್ದತಂತಿಗೆ ಸಮಾನವಾದದ್ದು ಇನ್ನೊಂದಿಲ್ಲ. ನಮ್ಮೂರಲ್ಲಿ ಈ ಯೋಗ ದಿನಕ್ಕೆರಡು ಸಲ ಒದಗುತ್ತದೆ.

ವಸ್ತ್ರಪ್ರಕರಣವನ್ನು ಬಿಡುವಂತಿಲ್ಲ. ಒಂದು ಶನಿವಾರ ಸಂಜೆ ವಾರ್ತೆ ನಡುವೆ ಕುಗ್ಗಿತು. ಹೊರಬಂದು ನೋಡಿದರೆ ತಂತಿಯ ನಟ್ಟನಡುವೆ ಒಂಬತ್ತು ಗಜದ ಒದ್ದೆ ಸೀರೆ, ಸೆರಗಿನ ತುದಿ ತುಳಸಿಕಟ್ಟೆಗೆ ತಾಗಿ ತೊಟ್ಟಿಕ್ಕುತ್ತಿದೆ. ಸಂಕೇತವೆಲ್ಲ ಸೀರೆಯ ಮೂಲಕ ಭೂಗತವಾಯಿತೆಂದು ನಾನು ವಾದಿಸಿದೆ. "ಸೀರೆ ತೆಗೆದಿದ್ದೇನೆ, ಈಗ ಕೇಳಿ" ಎಂದಳು ನನ್ನಾಕೆ. ಕೇಳಿದೆ. ಹಾಗೆಯೇ ಇತ್ತು. ಸೆಲ್ ಮುಗಿದಿತ್ತು.

ಒಂದು ವಿಷಯದಲ್ಲಿ ಮಾತ್ರ ತಮಾಷೆ ಬೇಡ. ಏಪ್ರಿಲ್-ಮೇ ತಿಂಗಳ ಗುಡುಗಿನ ಮಳೆಗೆ ಮೋಡ ಕಟ್ಟುವಾಗಲೇ ತಂತಿಯನ್ನು ಸೆಟ್ಟಿನಿಂದ ಕಳಚಿ ಹೊರಗಿನ ಅರ್ಥ್ ಕಂಬಿಗೆ ಸಿಕ್ಕಿಸಿಬಿಡಿ. ಮಿಂಚು ಶುರುವಾದ ಮೇಲೆ ಅದರ ಹತ್ತಿರ ಸುಳಿಯಬೇಡಿ.